ಕೋರೆಯ ದಾರಿಯಲ್ಲಿ ನಿಂತು ಹಾಡಿದವರ ಪರವಾಗಿ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಹಿರಿಯರೊಬ್ಬರು, ನಮ್ಮ ಊರಿನ ಗುಡ್ಡೆಯಲ್ಲಿ ಕೆಂಪುಕಲ್ಲು ಕೊಯ್ದು ತೆಗೆಯುವ ಕೋರೆಗೆ ಹೋಗುವ ದಾರಿಯಲ್ಲಿ ಹುಡುಗ ಹುಡುಗಿಯರು ಸೇರಿ ನಡೆಸಿದ ರಾಕ್ ಸಂಗೀತದ ಪ್ರತಿಭಟನೆಯನ್ನು ಕಟುವಾಗಿ ಟೀಕಿಸಿ ಬರೆದಿದ್ದರು. ಪರಿಸರದ ಹೆಸರಿನಲ್ಲಿ ಗದ್ದಲ ಎಬ್ಬಿಸುವುದು ಪರಿಸರಕ್ಕೇ ಮಾಡುವ ಅಪಚಾರ, ಗಿಟಾರು ಡ್ರಮ್ಮುಗಳು ಗಡಿನಾಡಿನ ಕನ್ನಡಿಗರ ಸಂಸ್ಕೃತಿಯಲ್ಲ, ಹಾಡಿನಿಂದ ಯಾವ ಗುಡ್ಡೆಯೂ ಇಂದಿನ ತನಕ ಉಳಿದದ್ದಿಲ್ಲ ಎಂಬುದು ಅವರ ಪತ್ರದ ಸಾರ. ಅವರು ಊರಿನ ಹಿತವನ್ನು ಬಯಸಿಯೇ ಬರೆದಿದ್ದಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಸಂಜೆ ನಾನು ಅಲ್ಲಿದ್ದೆ, ಮೊದಲಿನಿಂದ ಕೊನೆಯವರೆಗೆ ನಿಂತು ಕೇಳಿದ್ದೇನೆ. ಹಾಡಿದವರಲ್ಲಿ ಮೂವರು ನನ್ನ ಹಳೆಯ ವಿದ್ಯಾರ್ಥಿಗಳು. ನಾನು ಸುಮ್ಮನಿದ್ದರೆ ತಪ್ಪಾಗುತ್ತದೆ ಎನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ತುಸು ದೀರ್ಘವಾಗಿದ್ದರೂ ಪೂರ್ತಿಯಾಗಿ ಪ್ರಕಟಿಸಬೇಕಾಗಿ ವಿನಂತಿ.

ಆ ಆದಿತ್ಯವಾರ ಸಂಜೆ ನಾಲ್ಕೂವರೆಗೆ ಒಂದು ಪಿಕಪ್ ಗಾಡಿಯನ್ನು ಕೋರೆಯ ದಾರಿ ಕವಲೊಡೆಯುವಲ್ಲಿ, ಲಾರಿಗಳಿಗೆ ಅಡ್ಡಿಯಾಗದಂತೆ ಬದಿಗೆ ನಿಲ್ಲಿಸಿ, ಅದರ ಹಿಂಬದಿಯನ್ನೇ ವೇದಿಕೆ ಮಾಡಿಕೊಂಡಿದ್ದರು. ಇದ್ದವರು ಐದು ಮಂದಿ: ಗಿಟಾರು ಹಿಡಿದವರು ಇಬ್ಬರು, ಡ್ರಮ್ಸ್ ಬಾರಿಸುವವನೊಬ್ಬ, ಚೆಂಡೆ ಕಟ್ಟಿಕೊಂಡವನೊಬ್ಬ, ಹಾಡಲು ಒಬ್ಬಳು ಹುಡುಗಿ. ಎರಡು ವಾರ ಮೊದಲು ಅದೇ ಹುಡುಗಿ ನಮ್ಮ ಮನೆಗೆ ಬಂದು, "ಟೀಚರ್, ನಿಮ್ಮ ಸುರಂಗದಲ್ಲಿ ನೀರು ಬೀಳುವ ಸದ್ದು ನಮಗೆ ಬೇಕಿತ್ತು" ಎಂದು ಕೇಳಿದಾಗ ನನಗೆ ಮೊದಲಿಗೆ ಅರ್ಥವಾಗಿರಲಿಲ್ಲ. ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗ ನನ್ನ ಮಾವನವರ ಕಾಲದಲ್ಲಿ ಅಗೆಸಿದ್ದು. ಒಳಗೆ ಒಬ್ಬರು ತಲೆ ತಗ್ಗಿಸಿಕೊಂಡು ನಡೆಯುವಷ್ಟು ಜಾಗ, ಕೊನೆಯಲ್ಲಿ ಕಲ್ಲಿನ ಬಿರುಕಿನಿಂದ ಜಿನುಗುವ ನೀರು, ಅದು ಹರಿದು ಬಂದು ಬಾಯಿಯ ಬಳಿಯ ಮಣ್ಣಿನ ಟಾಂಕಿಯಲ್ಲಿ ನಿಲ್ಲುತ್ತದೆ. ಮೊದಲೆಲ್ಲ ನಡುಬೇಸಗೆಯಲ್ಲಿಯೂ ರಾತ್ರಿ ಕಳೆಯುವಷ್ಟರಲ್ಲಿ ಟಾಂಕಿ ತುಂಬಿ, ಬೆಳಗ್ಗೆ ತೋಟಕ್ಕೆ ಬಿಡುವಷ್ಟು ನೀರಿರುತ್ತಿತ್ತು. ಮೇಲಿನ ಗುಡ್ಡೆಯಲ್ಲಿ ಕಲ್ಲು ಕೊಯ್ಯಲು ತೊಡಗಿ ನಾಲ್ಕು ವರ್ಷಗಳಾದವು. ಈಗ ಫೆಬ್ರವರಿ ಬಂತೆಂದರೆ ಹರಿವು ನಿಂತು ಹನಿ ಮಾತ್ರ ಉಳಿಯುತ್ತದೆ, ಒಂದು ಕೊಡಪಾನ ತುಂಬಲು ಮುಕ್ಕಾಲು ಗಂಟೆ ಬೇಕು. ಆ ಹುಡುಗಿ ಮತ್ತು ಚೆಂಡೆಯ ಹುಡುಗ ಸುರಂಗದ ಒಳಗೆ ಹೋಗಿ, ದೀಪ ಆರಿಸಿ, ಕತ್ತಲೆಯಲ್ಲಿ ಅರ್ಧ ಗಂಟೆ ಕುಳಿತು ಆ ಹನಿಯ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಬಂದರು.

ಪ್ರತಿಭಟನೆಯ ದಿನ ಮೊದಲು ಕೇಳಿಸಿದ್ದು ಆ ಸದ್ದೇ. ಧ್ವನಿವರ್ಧಕದಲ್ಲಿ ಒಂದು ಹನಿ ಬಿತ್ತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಜನ ಮಾತು ನಿಲ್ಲಿಸಿದರು. ಡ್ರಮ್ಸ್ ಹುಡುಗ ಆ ಹನಿಯ ಅಂತರವನ್ನೇ ತಾಳವಾಗಿ ಹಿಡಿದು ನಿಧಾನವಾಗಿ ಸೇರಿಕೊಂಡ, ಗಿಟಾರುಗಳು ಬಂದವು, ಹುಡುಗಿ ಕನ್ನಡದಲ್ಲಿ ಹಾಡಿದಳು, ಆಮೇಲೆ ತುಳುವಿನಲ್ಲಿ, ಮಲಯಾಳದಲ್ಲಿ. ಗಟ್ಟಿಯಾಗಿಯೇ ಹಾಡಿದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೊನೆಯ ಹಾಡಿನಲ್ಲಿ ಒಂದೊಂದೇ ವಾದ್ಯ ನಿಂತಿತು. ಮೊದಲು ಚೆಂಡೆ, ಬಳಿಕ ಗಿಟಾರು, ಬಳಿಕ ಡ್ರಮ್ಮು. ಮತ್ತೆ ಹನಿ ಮಾತ್ರ ಉಳಿಯಿತು. ಅದೂ ನಿಂತ ಮೇಲೆ ಒಂದು ನಿಮಿಷ ಯಾರೂ ಏನೂ ನುಡಿಸಲಿಲ್ಲ. ಆರು ಗಂಟೆಗೆ ಎಲ್ಲವನ್ನೂ ಕಟ್ಟಿ ಗಾಡಿ ಹೊರಟಿತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಕೆಂಪುಕಲ್ಲಿನ ಗುಡ್ಡೆ ಮಳೆನೀರನ್ನು ಹೀರಿ ಒಳಗಿಟ್ಟುಕೊಂಡು ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ, ಮೇಲಿನ ಪದರವನ್ನೇ ಕೊಯ್ದು ತೆಗೆದರೆ ನೀರು ಇಂಗದೆ ತೋಡಿಗೆ ಹರಿದುಹೋಗುತ್ತದೆ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಇನ್ನು ಅವರು ಹಾಡಿದ ಜಾಗದ ವಿಚಾರ. ಟೀಕಿಸಿದ ಹಿರಿಯರು, ಹಾಡಲೇಬೇಕೆಂದಿದ್ದರೆ ಯಾವುದಾದರೂ ಸಭಾಭವನದಲ್ಲಿ ಹಾಡಬಹುದಿತ್ತಲ್ಲ ಎಂದು ಕೇಳಿದ್ದಾರೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧವಾದುದು. ಇಂತಹ ಸಂಗೀತಕ್ಕೆ ಬಲ ಬರುವುದೇ ಅದು ಹಾನಿಯಾದ ಜಾಗದಲ್ಲಿ, ಹಾನಿಗೆ ಹೊಣೆಯಾದವರ ಕಿವಿಗೆ ಬೀಳುವಂತೆ ನಡೆದಾಗ. ತಾಳಮದ್ದಳೆಯಲ್ಲಿ ಎದುರಾಳಿ ಅರ್ಥಧಾರಿ ಎದುರಿಗೇ ಕುಳಿತಿರುತ್ತಾನೆ. ಕೌರವನಿಗೆ ಹೇಳಬೇಕಾದ ಮಾತನ್ನು ಕೃಷ್ಣನು ಕೌರವನ ಮುಖ ನೋಡಿಯೇ ಹೇಳುತ್ತಾನೆ, ಬೇರೆ ಊರಿಗೆ ಹೋಗಿ ಹೇಳುವುದಿಲ್ಲ. ರಾಕ್ ಸಂಗೀತಗಾರರು ನಡೆಸಿದ ಪರಿಸರ ಪ್ರತಿಭಟನೆಗಳಲ್ಲಿ ಇಂದಿಗೂ ಜನರ ನೆನಪಿನಲ್ಲಿ ಉಳಿದಿರುವವುಗಳನ್ನು ನೋಡಿದರೂ ಇದೇ ಕಾಣುತ್ತದೆ.

1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಸ್ ಎಂಬ ತೈಲದ ಹಡಗು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕೊಲ್ಲಿಯಲ್ಲಿ ಬಂಡೆಗೆ ಬಡಿದು, ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸಮುದ್ರಕ್ಕೆ ಚೆಲ್ಲಿತು. ನೀರುನಾಯಿಗಳು, ಕಡಲಹಕ್ಕಿಗಳು ಲೆಕ್ಕವಿಲ್ಲದಷ್ಟು ಸತ್ತವು, ಅಲ್ಲಿನ ಮೀನುಗಾರರ ಬದುಕು ಬುಡಮೇಲಾಯಿತು. ಮರುವರ್ಷ 1990ರ ಮೇ 30ರಂದು, ಮಧ್ಯಾಹ್ನದ ಊಟದ ಹೊತ್ತಿಗೆ, ಆಸ್ಟ್ರೇಲಿಯಾದ ಮಿಡ್‌ನೈಟ್ ಆಯಿಲ್ ತಂಡ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಆ ಹಡಗಿನ ಒಡೆಯನಾದ ಎಕ್ಸಾನ್ ಕಂಪನಿಯ ಕಚೇರಿ ಕಟ್ಟಡದ ಎದುರಿನ ಬೀದಿಯಲ್ಲಿ ಒಂದು ಲಾರಿಯ ಮೇಲೆ ನಿಂತು, ಮುಂಚಿತವಾಗಿ ಯಾವ ಪ್ರಕಟಣೆಯನ್ನೂ ಕೊಡದೆ ಹಾಡಲು ತೊಡಗಿತು. ಮಿಡ್‌ನೈಟ್ ಆಯಿಲ್ ನಿಮ್ಮನ್ನು ಕುಣಿಸುತ್ತದೆ, ಎಕ್ಸಾನ್ ಆಯಿಲ್ ನಮ್ಮನ್ನು ಕಾಯಿಲೆ ಬೀಳಿಸುತ್ತದೆ ಎಂಬ ಅರ್ಥದ ಬ್ಯಾನರು ಅವರ ಬೆನ್ನ ಹಿಂದಿತ್ತು. ಅಲಾಸ್ಕಾ ಅಲ್ಲಿಂದ ಸಾವಿರಾರು ಮೈಲಿ ದೂರ. ಕಚೇರಿಯಲ್ಲಿ ಕುಳಿತವರಿಗೆ ಎಣ್ಣೆ ಮೆತ್ತಿದ ಹಕ್ಕಿಯನ್ನು ಕಣ್ಣಾರೆ ನೋಡಬೇಕಾದ ಪ್ರಸಂಗವೇ ಬಂದಿರಲಿಲ್ಲ. ಆ ದೂರವನ್ನು ಸ್ವಲ್ಪ ಹೊತ್ತಿನ ಮಟ್ಟಿಗಾದರೂ ಇಲ್ಲವಾಗಿಸಿದ್ದು ಒಂದು ಲಾರಿ ಮತ್ತು ಕೆಲವು ಧ್ವನಿವರ್ಧಕಗಳು. ಪರಿಹಾರದ ಕತೆ ಮಾತ್ರ ನಮಗೆ ಚೆನ್ನಾಗಿ ಪರಿಚಯವಿರುವ ಕತೆಯೇ. 1994ರಲ್ಲಿ ನ್ಯಾಯದರ್ಶಿಗಳ ಮಂಡಳಿ ವಿಧಿಸಿದ 500 ಕೋಟಿ ಡಾಲರ್ ದಂಡವನ್ನು ಕಂಪನಿ ಮೇಲ್ಮನವಿಯ ಮೇಲೆ ಮೇಲ್ಮನವಿ ಸಲ್ಲಿಸಿ, ಕೊನೆಗೆ 2008ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸುಮಾರು 50 ಕೋಟಿ ಡಾಲರಿಗೆ ಇಳಿಸಿಕೊಂಡಿತು. ಅಷ್ಟರಲ್ಲಿ ಹತ್ತೊಂಬತ್ತು ವರ್ಷ ಕಳೆದಿತ್ತು.

ನನ್ನ ಮನಸ್ಸಿಗೆ ಇದಕ್ಕಿಂತಲೂ ಹತ್ತಿರವಾದದ್ದು ನೆಬ್ರಾಸ್ಕಾದ ಜೋಳದ ಹೊಲದಲ್ಲಿ ನಡೆದ ಸಂಗೀತ ಕಚೇರಿ. ಕೆನಡಾದ ಆಲ್ಬರ್ಟಾದಿಂದ, ಎಣ್ಣೆ ಬೆರೆತ ಮರಳಿನಿಂದ ತೆಗೆದ ತೈಲವನ್ನು ತರುವ ಕೀಸ್ಟೋನ್ ಎಕ್ಸೆಲ್ ಎಂಬ ಕೊಳವೆ ಮಾರ್ಗವನ್ನು ಅಮೆರಿಕದ ರೈತರ ಹೊಲಗಳ ಮೂಲಕ ಹಾಯಿಸುವ ಯೋಜನೆಯಿತ್ತು. ಅಲ್ಲಿನ ರೈತರಿಗೆ ಆತಂಕವಿದ್ದದ್ದು ತಮ್ಮ ಹೊಲಗಳ ಅಡಿಯಲ್ಲಿರುವ ಓಗಲಾಲಾ ಎಂಬ ಬೃಹತ್ ಅಂತರ್ಜಲದ ಬಗ್ಗೆ. ಕೊಳವೆ ಒಡೆದರೆ ಬಾವಿಯ ನೀರೇ ಹೋಗುತ್ತದೆ ಎಂಬ ಭಯ ಅವರದು. 2014ರ ಸೆಪ್ಟೆಂಬರ್ 27ರಂದು, ಕೊಳವೆ ಹಾದುಹೋಗಬೇಕಾಗಿದ್ದ ಒಂದು ಹೊಲದಲ್ಲಿಯೇ ನೀಲ್ ಯಂಗ್ ಮತ್ತು ವಿಲ್ಲಿ ನೆಲ್ಸನ್ ಹಾಡಿದರು. ರೈತ ದಂಪತಿಯೊಬ್ಬರು ತಮ್ಮ ಜಮೀನನ್ನು ಇದಕ್ಕಾಗಿ ಬಿಟ್ಟುಕೊಟ್ಟಿದ್ದರು. ಸಾವಿರಾರು ಜನ ಸೇರಿದರು. ಆ ನೆಲದ ಮೂಲನಿವಾಸಿಗಳೂ ಬಿಳಿಯ ರೈತರೂ ಒಂದೇ ಹೊಲದಲ್ಲಿ ಒಟ್ಟಿಗೆ ನಿಂತರು. ಸಂಗ್ರಹವಾದ ಹಣ ಹೋರಾಟದ ಸಂಘಟನೆಗಳಿಗೆ ಹೋಯಿತು. ಮರುವರ್ಷ ಅಧ್ಯಕ್ಷ ಒಬಾಮ ಯೋಜನೆಗೆ ಅನುಮತಿ ನಿರಾಕರಿಸಿದರು, 2017ರಲ್ಲಿ ಟ್ರಂಪ್ ಅದಕ್ಕೆ ಮತ್ತೆ ಜೀವ ಕೊಟ್ಟರು, 2021ರಲ್ಲಿ ಬೈಡನ್ ಅನುಮತಿಯನ್ನು ರದ್ದುಪಡಿಸಿದರು, ಅದೇ ವರ್ಷ ಕಂಪನಿಯೇ ಯೋಜನೆಯನ್ನು ಕೈಬಿಟ್ಟಿತು. ಒಂದು ದಿನದ ಹಾಡು ಇದನ್ನೆಲ್ಲ ಸಾಧಿಸಿತು ಎಂದು ನಾನು ಹೇಳುತ್ತಿಲ್ಲ. ಆದರೆ ನಕ್ಷೆಯ ಮೇಲೆ ಒಂದು ಗೆರೆಯಾಗಿ ಮಾತ್ರ ಇದ್ದ ಜಾಗ, ಮನುಷ್ಯರು ಉಳುವ, ನೀರು ಕುಡಿಯುವ ನೆಲ ಎಂಬುದು ದೇಶಕ್ಕೆಲ್ಲ ಕಂಡಿತು. ನಮ್ಮ ಹುಡುಗರು ಕೋರೆಯ ದಾರಿಯಲ್ಲಿ ಪಿಕಪ್ ನಿಲ್ಲಿಸಿದಾಗ ಆದದ್ದು ಇದೇ. ಆ ಗುಡ್ಡೆಯ ಬುಡದಲ್ಲಿ ಏಳು ಮನೆಗಳಿವೆ, ಅವುಗಳಲ್ಲಿ ಐದು ಮನೆಗಳಿಗೆ ಸುರಂಗದ ನೀರೇ ಆಧಾರ ಎಂಬುದು ಕೆಳಗಿನ ಪೇಟೆಯ ಎಷ್ಟೋ ಜನರಿಗೆ ಆ ಸಂಜೆಯೇ ಗೊತ್ತಾಯಿತು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಕೋರೆಯಲ್ಲಿ ದುಡಿಯುವವರೂ ಆ ಸಂಜೆ ಅಲ್ಲಿದ್ದರು. ಕೆಲಸ ಮುಗಿಸಿ, ಕೂದಲು ಹುಬ್ಬುಗಳ ಮೇಲೆಲ್ಲ ಕೆಂಪು ಧೂಳು ಕುಳಿತ ಹತ್ತು ಹನ್ನೆರಡು ಮಂದಿ, ಕೊಯ್ದು ಪೇರಿಸಿಟ್ಟ ಕಲ್ಲುಗಳ ಮೇಲೆ ಕುಳಿತು ಕೇಳಿದರು. ಕಾರ್ಯಕ್ರಮ ಮುಗಿದ ಮೇಲೆ ಅವರಲ್ಲೊಬ್ಬ ನನ್ನ ಬಳಿ ಬಂದು, "ಅಮ್ಮಾ, ಇದು ನಿಂತರೆ ನಾವೆಲ್ಲಿಗೆ ಹೋಗುವುದು?" ಎಂದು ಕೇಳಿದ. ಸಿಟ್ಟಿನಿಂದ ಕೇಳಿದ್ದಲ್ಲ. ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಪೂರ್ತಿ ಉತ್ತರವಿಲ್ಲ. 1993ರ ಜುಲೈ 15ರಂದು ಇದೇ ಮಿಡ್‌ನೈಟ್ ಆಯಿಲ್ ತಂಡ ಕೆನಡಾದ ಕ್ಲಾಯ್ಕ್ವಾಟ್ ಸೌಂಡ್ ಎಂಬ ಕರಾವಳಿ ಕಾಡಿನ ಪ್ರದೇಶದಲ್ಲಿ, ಸಾವಿರ ವರ್ಷ ಬಾಳಿದ ಮರಗಳನ್ನು ಬೋಳಾಗಿ ಕಡಿದಿದ್ದ ಜಾಗದಲ್ಲಿ ಹಾಡಿದಾಗಲೂ, ಮರ ಕಡಿಯುವ ಕೆಲಸವನ್ನೇ ನಂಬಿದ್ದ ಸ್ಥಳೀಯರು ಅಲ್ಲಿಗೆ ಬಂದು ತಮ್ಮ ವಿರೋಧವನ್ನು ತೋರಿಸಿದ್ದರು. ಆ ಬೇಸಗೆಯಲ್ಲಿ ಕಾಡಿನ ದಾರಿಗೆ ಅಡ್ಡ ಕುಳಿತು ಬಂಧನಕ್ಕೊಳಗಾದವರು 800ಕ್ಕೂ ಹೆಚ್ಚು ಮಂದಿ. 2000ದಲ್ಲಿ ಯುನೆಸ್ಕೋ ಆ ಪ್ರದೇಶವನ್ನು ಜೀವಗೋಳ ಮೀಸಲು ಎಂದು ಗುರುತಿಸಿತು. ಕಾಡು ಉಳಿದದ್ದರ ಹಿಂದೆ ಅಲ್ಲಿನ ಮೂಲನಿವಾಸಿಗಳ ದೀರ್ಘ ಹೋರಾಟವಿತ್ತು, ಕೆಲಸ ಕಳೆದುಕೊಂಡವರ ಸಂಕಟವೂ ಇತ್ತು. ಸಭಾಭವನದೊಳಗೆ ಹಾಡಿದ್ದರೆ ಆ ಕೆಲಸಗಾರನ ಪ್ರಶ್ನೆ ನಮ್ಮ ಹುಡುಗರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಈಗ ಅವರು ಮುಂದಿನ ಹಾಡಿನಲ್ಲಿ ಅವನ ಮಾತನ್ನೂ ಸೇರಿಸುತ್ತೇವೆ ಎಂದಿದ್ದಾರೆ. ಕೋರೆಗೆ ಅನುಮತಿ ಕೊಡುವಾಗಲೇ ಎಷ್ಟು ಆಳ, ಎಷ್ಟು ವರ್ಷ, ಆಮೇಲೆ ಮಣ್ಣು ಮುಚ್ಚುವವರು ಯಾರು, ದುಡಿಯುವವರಿಗೆ ಮುಂದೇನು ಎಂಬುದನ್ನೆಲ್ಲ ನಿರ್ಧರಿಸಬೇಕಾದವರು ಬೇರೆಯೇ ಇದ್ದಾರೆ.

ಸದ್ದಿನ ಆಕ್ಷೇಪಕ್ಕೆ ಬರುತ್ತೇನೆ. ಇದು ನಿಜಕ್ಕೂ ಯೋಚಿಸಬೇಕಾದ ಆಕ್ಷೇಪ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿಯಿದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹುಡುಗರು ಹಗಲಿನಲ್ಲಿಯೇ ಹಾಡಿದರು, ಧ್ವನಿವರ್ಧಕಗಳನ್ನು ಮನೆಗಳ ಕಡೆಗೆ ತಿರುಗಿಸದೆ ಕೋರೆಯ ಕಡೆಗೆ ತಿರುಗಿಸಿಟ್ಟಿದ್ದರು, ಒಂದೂವರೆ ಗಂಟೆಯಲ್ಲಿ ಮುಗಿಸಿದರು. ಹಾಗಿದ್ದರೂ ಡೀಸೆಲ್ ಜನರೇಟರು ತಂದದ್ದು ನನಗೂ ಹಿಡಿಸಲಿಲ್ಲ, ಅದನ್ನು ಅವರಿಗೆ ಹೇಳಿದ್ದೇನೆ. ಪರಿಸರಕ್ಕಾಗಿ ಹಾಡುವವರು ತಮ್ಮ ವೇದಿಕೆಯ ಹೊಗೆಯ ಲೆಕ್ಕವನ್ನೂ ಕೊಡಬೇಕು ಎಂಬ ಮಾತು ಜಗತ್ತಿನಾದ್ಯಂತ ಕೇಳಿಬಂದಿದೆ. 2007ರ ಜುಲೈ 7ರಂದು ಹಲವು ಖಂಡಗಳಲ್ಲಿ ಏಕಕಾಲಕ್ಕೆ ನಡೆದ ಲೈವ್ ಅರ್ತ್ ಎಂಬ ಪರಿಸರ ಜಾಗೃತಿಯ ಸಂಗೀತ ಕಾರ್ಯಕ್ರಮಕ್ಕೆ ತಾರೆಯರು ವಿಮಾನವೇರಿ ಬಂದರೆಂಬ ಟೀಕೆ ದೊಡ್ಡದಾಗಿಯೇ ಎದ್ದಿತ್ತು, ಅದು ನ್ಯಾಯವಾದ ಟೀಕೆ. ಅದರಿಂದ ಪಾಠ ಕಲಿತವರೂ ಇದ್ದಾರೆ. ಬ್ರಿಟನ್ನಿನ ಮ್ಯಾಸಿವ್ ಅಟ್ಯಾಕ್ ತಂಡ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಟಿಂಡಾಲ್ ಕೇಂದ್ರದ ವಿಜ್ಞಾನಿಗಳಿಂದ ತಮ್ಮ ಸಂಚಾರದ ಇಂಗಾಲದ ಲೆಕ್ಕ ಹಾಕಿಸಿ, 2024ರ ಆಗಸ್ಟ್ 25ರಂದು ತಮ್ಮದೇ ಊರಾದ ಬ್ರಿಸ್ಟಲಿನಲ್ಲಿ ಬ್ಯಾಟರಿಯ ವಿದ್ಯುತ್ತಿನಿಂದ, ಸಸ್ಯಾಹಾರದ ಅಂಗಡಿಗಳನ್ನಷ್ಟೇ ಇಟ್ಟು, ಸುತ್ತಲಿನ ಊರಿನವರಿಗೇ ಟಿಕೆಟು ಮೊದಲು ಸಿಗುವಂತೆ ಮಾಡಿ ಕಾರ್ಯಕ್ರಮ ನಡೆಸಿತು. ದೊಡ್ಡ ಸಂಗೀತ ಕಾರ್ಯಕ್ರಮಗಳಲ್ಲಿ ಹೊಗೆಯ ಬಹುಪಾಲು ಬರುವುದು ಕೇಳುಗರು ಬಂದುಹೋಗುವ ವಾಹನಗಳಿಂದ. ನಮ್ಮ ಕೋರೆಯ ದಾರಿಗೆ ಬಂದವರಲ್ಲಿ ಹೆಚ್ಚಿನವರು ನಡೆದೇ ಬಂದವರು. ಜನರೇಟರಿನ ಬದಲು ಬ್ಯಾಟರಿ ತರುವುದಾಗಿ ಹುಡುಗರು ಒಪ್ಪಿದ್ದಾರೆ.

ಸದ್ದಿನ ವಿಚಾರದಲ್ಲಿ ನನಗೆ ಇನ್ನೊಂದು ನೆನಪಿದೆ, ಅದನ್ನು ಬರೆಯದೆ ಇರಲಾರೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವ ಕಾಲವದು. ದೂರದಿಂದ ಆ ರೆಕ್ಕೆಯ ಸದ್ದು ಕೇಳಿದೊಡನೆ ಮಕ್ಕಳು ಪಾಠ ಬಿಟ್ಟು ಅಂಗಳಕ್ಕೆ ಓಡುತ್ತಿದ್ದರು. ತಲೆ ಎತ್ತಿ, ಕೈ ಬೀಸಿ, ಬಾಯಿ ತೆರೆದು ಕೂಗುತ್ತಿದ್ದರು. ನಾನು ಅವರನ್ನು ಒಳಗೆ ಕರೆಯುತ್ತಿದ್ದದ್ದು ಪಾಠ ಕೆಡುತ್ತದೆಂದೇ ಹೊರತು ವಿಷವೆಂದು ತಿಳಿದಲ್ಲ. ಶಾಲೆಯ ಬಾವಿಗೆ ಮಡಲು ಮುಚ್ಚಿದ್ದೂ ಉಂಟು, ಮುಚ್ಚದೆ ಇದ್ದ ದಿನಗಳೂ ಉಂಟು. ಜೇನು ಸಾಕುತ್ತಿದ್ದವರ ಪೆಟ್ಟಿಗೆಗಳು ಖಾಲಿಯಾದವು. ಅಂಗಳದಲ್ಲಿ ಕೈ ಬೀಸಿದ್ದ ಮಕ್ಕಳು ದೊಡ್ಡವರಾಗಿ ತಂದೆ ತಾಯಿಯರಾದಾಗ, ಅವರಲ್ಲಿ ಕೆಲವರ ಮನೆಗಳಲ್ಲಿ ನಾನು ಕಂಡದ್ದನ್ನು ಇಲ್ಲಿ ಬರೆಯಲು ಕೈ ಬರುವುದಿಲ್ಲ. ಎಣ್ಮಕಜೆ, ಪಡ್ರೆಯ ಸುತ್ತಮುತ್ತಲಿನ ಓದುಗರಿಗೆ ಬರೆದು ತಿಳಿಸಬೇಕಾಗಿಯೂ ಇಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಸದ್ದು ನಮ್ಮ ತಲೆಯ ಮೇಲೆ ಹಾದುಹೋಯಿತು, ನಾವು ಹೆಚ್ಚಿನವರು ಮೌನವಾಗಿದ್ದೆವು. ಪತ್ರಕರ್ತ ಶ್ರೀಪಡ್ರೆಯವರು ಬರೆದರು, ವಾಣಿನಗರದ ಡಾ. ವೈ. ಎಸ್. ಮೋಹನ್ ಕುಮಾರ್ ರೋಗಿಗಳ ಲೆಕ್ಕವಿಟ್ಟು ಪ್ರಶ್ನಿಸಿದರು, ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋದರು. ಸಿಂಪಡಣೆ ನಿಂತದ್ದು 2000ದಲ್ಲಿ. ದೇಶದಾದ್ಯಂತ ಅದರ ಬಳಕೆಗೆ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ನ್ಯಾಯಾಲಯ ಆದೇಶಿಸಿದ್ದು 2017ರ ಜನವರಿಯಲ್ಲಿ. ಅದಾಗಿ ಎರಡು ವರ್ಷ ಕಳೆದು, 2019ರ ಜನವರಿಯ ಕೊನೆಗೆ, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸಚಿವಾಲಯದ ಎದುರು ಕುಳಿತುಕೊಳ್ಳಬೇಕಾಯಿತು. ನಮ್ಮ ಊರು ಮೌನಕ್ಕೆ ತೆತ್ತ ಬೆಲೆ ಎಷ್ಟೆಂದು ನಾನು ಬಲ್ಲೆ. ಆದ್ದರಿಂದ, ಮಕ್ಕಳೇ ಇಂದು ಸದ್ದು ಮಾಡುತ್ತಿರುವಾಗ ಅವರ ಬಾಯಿ ಮುಚ್ಚಿಸುವವರ ಸಾಲಿನಲ್ಲಿ ನಾನು ನಿಲ್ಲಲಾರೆ.

ಸಂಸ್ಕೃತಿಯ ವಿಚಾರಕ್ಕೆ ಹೆಚ್ಚು ಮಾತು ಬೇಕಿಲ್ಲ. ಬಲ್ಲಿದರ ಎದುರು ನಿಂತು, ವೇಷ ಕಟ್ಟಿ, ವಾದ್ಯದ ಜೊತೆಗೆ ನ್ಯಾಯ ಕೇಳುವುದು ನಮ್ಮ ನೆಲಕ್ಕೆ ಹೊಸದಲ್ಲ. ಉತ್ತರ ಕೇರಳದ ದೈವಾರಾಧನೆಯಲ್ಲಿ ಪೊಟ್ಟನ್ ತೆಯ್ಯಂ ಜಾತಿಯ ಅಹಂಕಾರವನ್ನು ಎದುರಿಗೇ ಪ್ರಶ್ನಿಸುತ್ತದೆ. ದೈವ ನುಡಿ ಕೊಡುವಾಗ ಗುತ್ತಿನ ಯಜಮಾನನೂ ಕೈ ಮುಗಿದು ನಿಲ್ಲುತ್ತಾನೆ. ಕೇರಳದ ಸೈಲೆಂಟ್ ವ್ಯಾಲಿ ಕಾಡನ್ನು ಅಣೆಕಟ್ಟಿನಿಂದ ಉಳಿಸುವ ಹೋರಾಟದಲ್ಲಿ ಸುಗತಕುಮಾರಿಯವರಂತಹ ಮಲಯಾಳದ ಕವಿಗಳು ವೇದಿಕೆಯೇರಿ ಕವಿತೆ ಓದಿದರು. ಜನರಿಗೆ ವಿಜ್ಞಾನ ತಲುಪಿಸುವ ಸಂಘಟನೆಯಾದ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಕಲಾಜಾಥಾಗಳು 1980ರಿಂದ ಹಾಡು, ನಾಟಕ ಹಿಡಿದು ಕೇರಳದ ಊರೂರು ಸುತ್ತಿದವು. ಉತ್ತರ ಕನ್ನಡದಲ್ಲಿ 1983ರಲ್ಲಿ ಆರಂಭವಾದ ಅಪ್ಪಿಕೋ ಚಳವಳಿಯವರೂ ಜನಪದ ಕಲೆಗಳನ್ನು, ಬೀದಿನಾಟಕಗಳನ್ನು ಬಳಸಿಕೊಂಡರು. ಚೆನ್ನೈ ಬಳಿಯ ಎಣ್ಣೂರಿನ ಅಳಿವೆಯನ್ನು ಉಷ್ಣ ವಿದ್ಯುತ್ ಸ್ಥಾವರಗಳ ಬೂದಿ ಹೂಳುತ್ತಿದ್ದಾಗ ಕರ್ನಾಟಕ ಸಂಗೀತದ ಟಿ. ಎಂ. ಕೃಷ್ಣ ಅದೇ ಬೂದಿಯ ನಡುವೆ ನಿಂತು ಹಾಡಿದ ದೃಶ್ಯ 2017ರಲ್ಲಿ ಹೊರಬಂತು. ಶಾಸ್ತ್ರೀಯ ಸಂಗೀತವನ್ನು ಕಚೇರಿಯ ಸಭಾಂಗಣದಿಂದ ಬೂದಿಹೊಂಡದ ಬಳಿಗೆ ಒಯ್ದದ್ದನ್ನು ನಾವು ಮೆಚ್ಚಬಹುದಾದರೆ, ಗಿಟಾರಿನ ಪಕ್ಕದಲ್ಲಿ ಚೆಂಡೆ ಇಟ್ಟು ಕನ್ನಡದಲ್ಲಿ, ತುಳುವಿನಲ್ಲಿ ಹಾಡುವ ಮಕ್ಕಳನ್ನು ಪರಕೀಯರೆಂದು ದೂರವಿಡಬೇಕಾದ್ದಿಲ್ಲ. ಕಾಸರಗೋಡಿನಲ್ಲಿ ಕನ್ನಡ ಉಳಿಯಬೇಕೆಂದು ನಾವು ಸಭೆಗಳಲ್ಲಿ ನಿರ್ಣಯ ಮಾಡುತ್ತಾ ಬಂದವರು. ತಮ್ಮ ಊರಿನ ಗುಡ್ಡೆ, ತಮ್ಮ ಮನೆಯ ನೀರಿನ ಕುರಿತು ಹುಡುಗಿಯೊಬ್ಬಳು ಇಂದು ಕನ್ನಡದಲ್ಲಿ ಹಾಡು ಕಟ್ಟಿದ್ದಾಳೆ. ಅದರಲ್ಲಿ ಪಳ್ಳ, ದಂಬೆ, ತೋಡು ಎಂಬ ನಮ್ಮ ಕಡೆಯ ನೀರಿನ ಮಾತುಗಳಿವೆ. ತರಗತಿಯಲ್ಲಿ ನಾನು ಕಲಿಸಿದ ಕನ್ನಡ ಅಷ್ಟು ಜೀವಂತವಾಗಿರಲಿಲ್ಲ.

ಹಾಡಿನಿಂದ ಏನಾದೀತು ಎಂಬ ಪ್ರಶ್ನೆ ಉಳಿಯಿತು. ಹಾಡಿ ಮನೆಗೆ ಹೋದರೆ ಏನೂ ಆಗದು ಎಂಬುದನ್ನು ಒಪ್ಪುತ್ತೇನೆ. ಹಾಡಿದ ಮರುದಿನ ಏನು ಮಾಡಿದರು ಎಂಬುದರ ಮೇಲೆ ಎಲ್ಲ ನಿಂತಿದೆ. ಅಲಾಸ್ಕಾದ ಆಮ್‌ಚಿಟ್ಕಾ ದ್ವೀಪದಲ್ಲಿ ಅಮೆರಿಕ ನಡೆಸಲಿದ್ದ ಅಣುಸ್ಫೋಟವನ್ನು ವಿರೋಧಿಸಲು 1970ರ ಅಕ್ಟೋಬರ್ 16ರಂದು ವ್ಯಾಂಕೋವರಿನಲ್ಲಿ ಜೋನಿ ಮಿಚೆಲ್, ಜೇಮ್ಸ್ ಟೇಲರ್, ಫಿಲ್ ಓಕ್ಸ್ ಹಾಡಿದರು. ಅಲ್ಲಿ ಸೇರಿದ ಹಣದಿಂದ ಮರುವರ್ಷ ಒಂದು ಹಳೆಯ ಮೀನುಗಾರಿಕಾ ದೋಣಿ ಆ ದ್ವೀಪದತ್ತ ಹೊರಟಿತು. ಗ್ರೀನ್‌ಪೀಸ್ ಸಂಘಟನೆ ಹುಟ್ಟಿದ್ದು ಹಾಗೆ. ದೋಣಿ ದ್ವೀಪವನ್ನು ತಲುಪಲಿಲ್ಲ, ಆ ಸ್ಫೋಟವೂ ನಿಲ್ಲಲಿಲ್ಲ, ಆದರೆ ಆಮ್‌ಚಿಟ್ಕಾದಲ್ಲಿ ಮತ್ತೊಂದು ಸ್ಫೋಟ ನಡೆಯಲಿಲ್ಲ. 2014ರ ಜನವರಿಯಲ್ಲಿ ನೀಲ್ ಯಂಗ್ ಕೆನಡಾದ ನಾಲ್ಕು ನಗರಗಳಲ್ಲಿ ಹಾಡಿದ್ದು, ತೈಲದ ಗಣಿಗಾರಿಕೆಯ ವಿರುದ್ಧ ಹೋರಾಡುತ್ತಿದ್ದ ಅಥಬಾಸ್ಕಾ ಚಿಪೆವ್ಯಾನ್ ಮೂಲನಿವಾಸಿಗಳ ನ್ಯಾಯಾಲಯದ ಖರ್ಚಿಗಾಗಿ. ಹಾಡು ಹೀಗೆ ದೋಣಿಯಾಗಿ, ವಕೀಲರ ಶುಲ್ಕವಾಗಿ ಬದಲಾದಾಗ ಅದರ ಫಲ ಕಾಣುತ್ತದೆ. ಮಿಡ್‌ನೈಟ್ ಆಯಿಲ್‌ನ ಗಾಯಕ ಪೀಟರ್ ಗ್ಯಾರೆಟ್ ಮುಂದೆ ರಾಜಕೀಯಕ್ಕೆ ಇಳಿದು 2007ರಲ್ಲಿ ಆಸ್ಟ್ರೇಲಿಯಾದ ಪರಿಸರ ಸಚಿವರಾದರು. 2009ರಲ್ಲಿ ಯುರೇನಿಯಂ ಗಣಿಯೊಂದಕ್ಕೆ ಒಪ್ಪಿಗೆ ಕೊಟ್ಟಾಗ ಅವರ ಹಾಡು ಕೇಳಿ ಬೆಳೆದ ಎಷ್ಟೋ ಮಂದಿ ನೊಂದುಕೊಂಡರು. ನನಗೂ ಅದು ಬೇಸರದ ಸಂಗತಿಯೇ. ಆದರೆ ಅದರಿಂದ ಮ್ಯಾನ್‌ಹಟನ್ನಿನ ಆ ಲಾರಿಯ ಮೇಲೆ ಹಾಡಿದ್ದು ಸುಳ್ಳಾಗುವುದಿಲ್ಲ. ನಮ್ಮ ಹುಡುಗರಿಗೆ ನಾನು ಹೇಳಿದ್ದೂ ಇದನ್ನೇ. ಹಾಡಿ ಸುಮ್ಮನಾಗಬೇಡಿ, ಸುರಂಗಗಳ ನೀರನ್ನು ತಿಂಗಳು ತಿಂಗಳು ಅಳೆದು ಬರೆದಿಡಿ ಎಂದೆ. ಎರಡು ತಿಂಗಳಿಂದ ಐದು ಮನೆಗಳಲ್ಲಿ ಅಳೆಯುತ್ತಿದ್ದಾರೆ. ಒಂದು ಲೀಟರಿನ ಪಾತ್ರೆ, ಒಂದು ಗಡಿಯಾರ, ಒಂದು ನೋಟ್‌ಬುಕ್ಕು ಇಷ್ಟೇ ಸಲಕರಣೆ. ಹಿಂದೆ ನಾನು ಬರೆದ ಮೂರು ಅರ್ಜಿಗಳಿಗೆ ಸಂಬಂಧಪಟ್ಟ ಕಚೇರಿಯಿಂದ ಯಾರೂ ಬಂದು ನೋಡಿರಲಿಲ್ಲ. ನೀರು ಬತ್ತಲು ಕೋರೆಯೇ ಕಾರಣವೋ ಅಲ್ಲವೋ ಎಂಬುದನ್ನು ಪರೀಕ್ಷಿಸಿ ಹೇಳಬೇಕಾದವರು ಅವರು. ಹಾಡು ನಡೆದ ಮರುವಾರ ಇಬ್ಬರು ಅಧಿಕಾರಿಗಳು ಬಂದರು, ಸುರಂಗದೊಳಗೆ ಟಾರ್ಚು ಹಿಡಿದು ಹೋದರು, ನೋಟ್‌ಬುಕ್ಕಿನ ಪುಟಗಳ ಚಿತ್ರ ತೆಗೆದುಕೊಂಡರು. ವರದಿ ಇನ್ನೂ ಬರಬೇಕಿದೆ.

ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ ಹಾಡಲು ಹುಡುಗರು ಅನುಮತಿ ಕೋರಿ ಅರ್ಜಿ ಕೊಟ್ಟಿದ್ದಾರೆ. ಸಂಜೆ ನಾಲ್ಕರಿಂದ ಆರರ ತನಕ, ಅದೇ ಕವಲುದಾರಿಯಲ್ಲಿ, ಶಬ್ದದ ಮಿತಿಯೊಳಗೆ. ಅನುಮತಿ ಕೊಡಬೇಕಾದವರು ಅವರನ್ನು ಎರಡು ಮೈಲಿ ಆಚೆಗಿನ ಮೈದಾನಕ್ಕೆ ಕಳುಹಿಸದೆ, ಅದೇ ಜಾಗದಲ್ಲಿ ಹಾಡಲು ಬಿಡಬೇಕು ಎಂಬುದು ನನ್ನ ಬೇಡಿಕೆ. ಪಂಚಾಯತಿನ ಸದಸ್ಯರೂ ಕೋರೆಯ ಯಜಮಾನರೂ ಬಂದು ಕೇಳಲಿ. ಉತ್ತರಿಸಬೇಕೆನಿಸಿದರೆ ಹಾಡಿನ ಬಳಿಕ ಅವರಿಗೂ ಮೈಕು ಕೊಡುವುದಾಗಿ ಹುಡುಗರು ಹೇಳಿದ್ದಾರೆ. ಕಳೆದ ವಾರ ಪತ್ರ ಬರೆದ ಹಿರಿಯರೂ ಆ ದಿನ ದಯವಿಟ್ಟು ಬರಬೇಕು. ನಮ್ಮ ಮನೆ ಆ ದಾರಿಯಲ್ಲೇ ಇದೆ. ಸ್ವಲ್ಪ ಮುಂಚಿತವಾಗಿ ಬಂದರೆ ಸುರಂಗದ ಒಳಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಹನಿ ಬೀಳುವುದನ್ನು ಅವರೇ ಕೇಳಲಿ.

ಇಂತು,
ನಿವೃತ್ತ ಕನ್ನಡ ಅಧ್ಯಾಪಿಕೆ
ಎಣ್ಮಕಜೆ, ಕಾಸರಗೋಡು ಜಿಲ್ಲೆ